ದವಡೆಯ ಚಿತ್ರವನ್ನು ಯಾರೂ ಪೂರ್ತಿ ನೋಡಲಿಲ್ಲ

ಇಸ್ತ್ರಿ ಅಂಗಡಿಯ ಅಕ್ಕ ಬಚ್ಚಲಲ್ಲಿ ಜಾರಿ ಕೈ ಊರಿದಳು, ಅಷ್ಟೇ. ಮಣಿಕಟ್ಟು ಲಟಕ್ಕೆಂದು ಮುರಿಯಿತು. ನೋಡಲು ಬಂದವರೆಲ್ಲರದೂ ಒಂದೇ ರಾಗ: "ಅರವತ್ತೆರಡಾಯ್ತಲ್ಲ, ವಯಸ್ಸು." ಕೇಳಿ ಕೇಳಿ ತಂಗಿಗೆ ಮೈ ಉರಿಯಿತು. ತಂಗಿ ಟೈಲರ್. ಬಟ್ಟೆ ಸುಮ್ಮಸುಮ್ಮನೆ ಹರಿಯುವುದಿಲ್ಲ ಎಂದು ಬಲ್ಲವಳು.

ಕೈ ನೋಡಲು ಬಂದ ನರ್ಸಮ್ಮ ಕೇಳಿದರು, "ಈಚೆಗೆ ಇಡೀ ದವಡೆದು ಎಕ್ಸ್‌ರೇ ಏನಾದ್ರೂ ತೆಗೆಸಿದ್ರಾ?"

"ಹೋದ ವರ್ಷ, ಹಲ್ಲಿನ ಸೆಟ್ ಕಟ್ಟಿಸುವಾಗ," ಎಂದು ಅಕ್ಕ ನಕ್ಕಳು. "ಮುರಿದಿರೋದು ಕೈ, ಕೇಳೋದು ಹಲ್ಲು! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ."

ತಂಗಿ ಬೀರುವಿನಿಂದ ಫಿಲ್ಮ್ ತಂದು ಕಿಟಕಿಗೆ ಹಿಡಿದಳು. ನರ್ಸಮ್ಮ ಕೆಳದವಡೆಯ ಅಂಚಿಗೆ ಬೆರಳಿಟ್ಟರು.

"ಈ ಬಿಳಿ ಅಂಚು ದಪ್ಪಗಿರಬೇಕು. ನಿಮ್ಮದು ತೆಳ್ಳಗೆ ಕಾಣ್ತಿದೆ. ಹೀಗಿದ್ರೆ ಮೈಯ ಬೇರೆ ಮೂಳೆನೂ ಸವೆದಿರಬಹುದು. ಇದೊಂದರಿಂದಲೇ ಹೇಳೋಕಾಗಲ್ಲ. ಡಾಕ್ಟರಿಗೆ ತೋರಿಸಿ, ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ."

ಒಂದು ವರ್ಷ! ವರ್ಷವಿಡೀ ಈ ಸುಳಿವು ಬೀರುವಿನಲ್ಲಿ ಬಿದ್ದಿತ್ತು! ತಂಗಿ ಕುತ್ತಿಗೆಯ ಟೇಪನ್ನೂ ತೆಗೆಯದೆ ಹಲ್ಲಿನ ಡಾಕ್ಟರ ಬಳಿ ಹೋದಳು.

"ಡಾಕ್ಟ್ರೇ, ಹಲ್ಲು ಎಣಿಸೋಕೆ ಕಣ್ಣಿತ್ತು. ಒಂದು ಬೆರಳು ಕೆಳಗೆ ನೋಡೋಕೆ ಇರಲಿಲ್ವಾ?"

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನೋಡಬೇಕಿತ್ತಮ್ಮ. ನಾನು ಹಲ್ಲಷ್ಟೇ ನೋಡಿದೆ," ಎಂದು ಮೂಳೆ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ತಪ್ಪೊಪ್ಪಿಕೊಂಡರೂ ತಂಗಿಯ ಸಿಟ್ಟು ಇಳಿಯಲಿಲ್ಲ.

ಅಕ್ಕ ಮಾತ್ರ ಜಗ್ಗಲಿಲ್ಲ. "ಇನ್ನೊಂದು ಪರೀಕ್ಷೆ ಯಾಕೆ? ಕೈ ಹೇಗೂ ಕೂಡುತ್ತೆ ಬಿಡೇ."

"ಕೈ ಕೂಡುತ್ತೆ ಅಕ್ಕ. ನಾಳೆ ಸೊಂಟ ಮುರಿದ್ರೆ? ಇಸ್ತ್ರಿ ಮೇಜಿನ ಮುಂದೆ ಯಾರು ನಿಲ್ತಾರೆ?"

ಮೂವತ್ತು ವರ್ಷ ಆ ಮೇಜಿನ ಮುಂದೆ ನಿಂತವಳು ಅಕ್ಕ. ಮರುದಿನವೇ ಹೊರಟಳು.

ಪರೀಕ್ಷೆಯಲ್ಲಿ ಮೂಳೆ ಸವೆದದ್ದು ಖಚಿತವಾಯಿತು. ಈಗ ಔಷಧಿ ನಡೆಯುತ್ತಿದೆ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮವೂ. ಮೊನ್ನೆ ಅಕ್ಕನೇ ಗದರಿದಳು: "ನಿನಗೂ ಐವತ್ತೆಂಟು ಕಣೇ. ನಿನ್ನ ಮೂಳೆ ಏನು ಕಬ್ಬಿಣದ್ದಾ? ನಡಿ, ತೋರಿಸು."

ಐವತ್ತು ದಾಟಿದವರೇ, ಬೇರೆ ಕಾರಣಕ್ಕೆ ದವಡೆಯ ಎಕ್ಸ್‌ರೇ ತೆಗೆದಾಗ ಸುಮ್ಮನೆ ಎದ್ದು ಬರಬೇಡಿ. "ಹಲ್ಲು ಸರಿ, ಮೂಳೆ ಹೇಗಿದೆ?" ಎಂದು ಬಾಯಿಬಿಟ್ಟು ಕೇಳಿ. ಸಂಶಯ ಬಂದರೆ ಮೂಳೆ ಪರೀಕ್ಷೆ ಮಾಡಿಸಿ. ಕೇಳಿದರೆ ಡಾಕ್ಟರಿಗೆ ಒಂದು ನಿಮಿಷ ಹೆಚ್ಚು ಹಿಡಿಯಬಹುದು. ಕೇಳದಿದ್ದರೆ ಮುರಿಯುವುದು ನಿಮ್ಮ ಮೂಳೆ.