ಸಾವಿರ ಗಂಟೆಯ ಕೋಣೆ

ಚಳಿಗಾಲದ ಒಂದು ಬುಧವಾರ, ಬೆಳಗಿನ ಏಳು ಗಂಟೆ. ಬಲ್ಬು ಕಾರ್ಖಾನೆಯಲ್ಲಿ ನಾನಾಗ ಪರೀಕ್ಷೆಯ ಕೋಣೆ ಕಾಯುತ್ತಿದ್ದೆ. ಗೋಡೆಯುದ್ದಕ್ಕೂ ಬಲ್ಬುಗಳು ಹಗಲಿರುಳು ಉರಿಯುತ್ತಿದ್ದವು. ಯಾವುದು ಯಾವಾಗ ಸತ್ತಿತೆಂದು ಬರೆಯುವುದೇ ಕೆಲಸ. ಅಷ್ಟು ಬರೆಯಲು ನನ್ನ ಓದು ಸಾಕಾಗಿತ್ತು. ಬೇಗ ಸತ್ತರೆ ತಾನೆ ಜನ ಮತ್ತೆ ಕೊಳ್ಳುವುದು? ಹಾಗಾಗಿ ಸಾವಿರ ಗಂಟೆಗೆ ಸಾಯಬೇಕೆಂಬುದು ಮೇಲಿನವರ ಕಟ್ಟಳೆ. ಸಾವಿರದ ನೂರು ದಾಟಿದರೆ ಅದರ ತಂತಿ ಸುತ್ತಿದವರು ಮನೆ ದಾರಿ ಹಿಡಿಯಬೇಕಿತ್ತು. ಹಿಂದಿನ ವರ್ಷ ಇಬ್ಬರು ಹಾಗೇ ಹೋಗಿದ್ದರು.

ಆ ಬೆಳಿಗ್ಗೆ ಹಳೆಯ ಸಾಲಿನಲ್ಲಿ ಒಂದೇ ಒಂದು ಉರಿಯುತ್ತಿತ್ತು. ಸಾವಿರದ ತೊಂಬತ್ತಾರು ಗಂಟೆ, ಗಡಿಗೆ ಇನ್ನು ನಾಲ್ಕೇ. ಬುಡದಲ್ಲಿ ನೀಲಿ ಚುಕ್ಕೆ, ತಂತಿ ಸುತ್ತುವ ನನ್ನ ತಂಗಿಯ ಗುರುತು. ಗಂಡ ಹಾಸಿಗೆ ಹಿಡಿದ ಮೇಲೆ ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಈ ಕೆಲಸದಿಂದಲೇ.

ಓಡಿಹೋಗಿ ಅವಳನ್ನು ಕರೆತಂದೆ.

"ಏನೇ ಯಮನ ಗುಮಾಸ್ತೆ, ಮುಖ ಯಾಕೆ ಹಿಂಗೆ ಬಿಳಿಚಿಕೊಂಡಿದೆ?" ಎನ್ನುತ್ತ ಬಂದವಳು ಬಲ್ಬು ನೋಡಿದಳು. ನಗು ನಿಂತಿತು. "ಬೇಕೂಂತ ಮಾಡ್ಲಿಲ್ಲ ಕಣೇ ಅಕ್ಕಾ."

"ಗೊತ್ತು. ಕೆಟ್ಟದಾಗಿ ಮಾಡೋಕೆ ನಿಂಗೆ ಬರೋದೇ ಇಲ್ಲ."

ಉರಿಯುವ ಬಲ್ಬು ಅದುರಿದರೆ ತಂತಿ ತುಂಡಾಗುತ್ತದೆ. ಬಲ್ಬು ಸಿಕ್ಕಿಸಿದ್ದ ಹಲಗೆಗೆ ಮುಷ್ಟಿಯಿಂದ ಗುದ್ದಿದೆ. ಪಕ್ಕದ ಸಾಲಿನ ಎರಡು ಸತ್ತವು. ಇದರ ಬೆಳಕು ಕದಲಲೂ ಇಲ್ಲ.

ಹೊರಗೆ ಮೇಸ್ತ್ರಿಯ ಬೂಟಿನ ಸದ್ದು. ಕೈಗೆ ಬಟ್ಟೆ ಸುತ್ತಿ ಬಲ್ಬನ್ನು ಅರ್ಧ ತಿರುವಿ ಸಡಿಲಿಸಿದೆ. ಆರಿತು. ಪುಸ್ತಕದಲ್ಲಿ 'ಸತ್ತಿತು' ಎಂದು ಬರೆದೆ.

ಮೇಸ್ತ್ರಿ ಪುಸ್ತಕ ನೋಡಿದ. ಅದೇ ಬಟ್ಟೆಯಲ್ಲಿ ಬಲ್ಬು ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸತ್ತ ಬಲ್ಬಿನೊಳಗೆ ತುಂಡು ತಂತಿ ಕಿಣಿಕಿಣಿ ಎನ್ನಬೇಕು. ದಿನಾ ನಾನೇ ಮಾಡುವ ಪರೀಕ್ಷೆ ಅದು, ಭಯದಲ್ಲಿ ಮರೆತೇಹೋಗಿತ್ತು. ಸದ್ದಿಲ್ಲ. ತಿರುಗಿ ಸಿಕ್ಕಿಸಿದ. ಝಗ್ಗನೆ ಹೊತ್ತಿಕೊಂಡಿತು.

"ಬದುಕಿದೆಯಲ್ಲಮ್ಮಾ," ಎಂದ. "ಮೇಲಿನವರಿಗೆ ಗೊತ್ತಾದ್ರೆ ನನ್ನ ತಲೆ ಹೋಗುತ್ತೆ. ಯಾರು ಸಡಿಲಿಸಿದ್ದು ಇದನ್ನ?"

ನಾನು ಪುಸ್ತಕ ಮುಚ್ಚಿದೆ.

"ನಾನೇ," ಎಂದಳು ತಂಗಿ. "ಬರೀ ಅಂತ ಅಕ್ಕನ್ನ ಪೀಡಿಸಿದ್ದೂ ನಾನೇ."

ಮೇಸ್ತ್ರಿ ನನ್ನತ್ತ ತಿರುಗಿದ. "ಹೌದಾ?"

ಅಲ್ಲ ಎನ್ನಲು ಬಾಯಿ ತೆರೆದೆ. ಅವಳು ನನ್ನ ಕಾಲು ತುಳಿದಳು. ಕಾಲು ತುಳಿದದ್ದು ನಿಜ, ಆದರೆ ಅದಕ್ಕೂ ಮೊದಲೇ ನಾನು ಹೆದರಿದ್ದೆ.

"ಹೌದು," ಎಂದೆ.

ತಂಗಿ ಕೆಲಸ ಕಳೆದುಕೊಂಡು ಮನೆ ದಾರಿ ಹಿಡಿದದ್ದು ಅದೇ ಬುಧವಾರ, ಊಟದ ಗಂಟೆ ಹೊಡೆಯುವ ಮೊದಲು.