ತುಟಿಯೊಳಗಿನ ಹುಳು

ಡಾಕ್ಟರು ಮೀನಖಂಡವನ್ನು ಅದುಮಿದ್ದೇ ತಡ, ಹೆಡ್ಲಿ ಬೊಬ್ಬೆ ಹೊಡೆದ. ಜ್ವರ ಬಿಟ್ಟಿರಲಿಲ್ಲ, ಕಣ್ಣು ಕೆಂಪಗೆ ಉರಿಯುತ್ತಿತ್ತು.

"ಮೀನು ಹಿಡಿಯುವಾಗ ಕಾಲುವೆ ನೀರು ಬಾಯಿಗೇನಾದ್ರೂ ಹೋಗಿತ್ತಾ?"

"ಇಲ್ಲ" ಎಂದ ಹೆಡ್ಲಿ. ನೋಟ ಮಾತ್ರ ಬಾಗಿಲ ಬಳಿ ನಿಂತಿದ್ದ ಗೆಳೆಯ ವಿಲ್ಫ್‌ನ ಮೇಲಿತ್ತು.

"ಎಲ್ಲಿಂದ ಹೋಗುತ್ತೆ ಡಾಕ್ಟ್ರೇ?" ಎಂದಳು ಹೆಂಡತಿ ಡೋರೀನ್. "ಇವರ ಮೀನು ಹಿಡಿಯೋ ಕ್ಲಬ್ಬಿನವನೊಬ್ಬ ಇಲಿ ಜ್ವರದಲ್ಲಿ ಸತ್ತಾಗಿಂದ ಸೋಪು, ಬಾಟಲಿ ನೀರು, ಗಾಯಕ್ಕೆ ಪಟ್ಟಿ ಎಲ್ಲಾ ನಾನೇ ಚೀಲಕ್ಕೆ ಹಾಕ್ತೀನಿ. ಸೋಪು ಸವೆದೇ ವಾಪಸ್ ಬರುತ್ತೆ, ನೋಡಿ ಬೇಕಾದ್ರೆ."

ಸೋಪು ಸವೆಯುತ್ತಿದ್ದದ್ದು ನಿಜ. ಮನೆಗೆ ಹೊರಡುವ ಮುಂಚೆ ಅದನ್ನು ಸೇತುವೆಯ ಕಲ್ಲಿಗೆ ತಿಕ್ಕುತ್ತಿದ್ದವನು ಹೆಡ್ಲಿ, ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ವಿಲ್ಫ್. ಗಾಳಕ್ಕೆ ಸಿಕ್ಕಿಸುವ, ಚಳಿಗೆ ಸೆಟೆದ ಹುಳುಗಳನ್ನು ಕೆಳತುಟಿಯೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿದರೆ ಅವು ಚುರುಕಾಗಿ ಒದ್ದಾಡುತ್ತವೆ, ಮೀನು ಬೇಗ ಕಚ್ಚುತ್ತದೆ. ಅಪ್ಪಂದಿರ ಕಾಲದಿಂದಲೂ ಹಾಗೇ. ಕಾಲುವೆಯಲ್ಲಿ ಅದ್ದಿದ ಕೈಯಲ್ಲೇ ಹುಳು ಬಾಯಿಗೆ ಹೋಗುತ್ತಿತ್ತು. ಹೇಸುವವನನ್ನು ಮದುವಣಗಿತ್ತಿ ಎಂದು ಕಿಚಾಯಿಸುತ್ತಿದ್ದರು, ದಡ್ಡ ಮುಂಡೇವು.

"ನನಗೆ ಇಲಿ ಜ್ವರದ್ದೇ ಅನುಮಾನ ಇತ್ತು. ನೀರು ಬಾಯಿಗೆ ಹೋಗಿಲ್ಲ ಅಂದ್ರೆ ಫ್ಲೂ ಇರಬೇಕು. ಚೆನ್ನಾಗಿ ಮಲಗಲಿ." ಡಾಕ್ಟರು ಚೀಲ ಮುಚ್ಚಿದರು.

ಡೋರೀನ್‌ಗೆ ಹೇಳುವುದಿಲ್ಲ ಎಂದು ವಿಲ್ಫ್ ಮಾತು ಕೊಟ್ಟಿದ್ದ. ಆದರೆ ಡಾಕ್ಟರು ಮೆಟ್ಟಿಲಿಳಿದುಬಿಟ್ಟರೆ ಹೆಡ್ಲಿ ಉಳಿಯುತ್ತಾನೋ ಇಲ್ಲವೋ ಎಂಬ ಭಯಕ್ಕೆ ಅವನು ಬಾಗಿಲಿಗೆ ಅಡ್ಡ ನಿಂತ.

"ಡಾಕ್ಟ್ರೇ, ಅವನು ಹುಳು ಬಾಯಲ್ಲಿ ಇಟ್ಕೋತಾನೆ. ಭಾನುವಾರ ಪೂರ್ತಿ ಇಟ್ಕೊಂಡಿದ್ದ."

"ಬಾಯಿ ಮುಚ್ಚೋ, ಚಾಡಿಕೋರ!" ಹಾಸಿಗೆಯಿಂದ ಹೆಡ್ಲಿ ಕಿರುಚಿದ.

"ಇಷ್ಟು ದಿನ ಮುಚ್ಕೊಂಡಿದ್ದೇ ತಪ್ಪಾಯ್ತು ಕಣೋ."

ಡಾಕ್ಟರು ಆಂಬುಲೆನ್ಸಿಗೆ ಫೋನ್ ಮಾಡಲು ಕೆಳಗೆ ಓಡಿದರು. ಡೋರೀನ್ ಗಂಡನನ್ನು ಬೈಯಲಿಲ್ಲ. ಅವನ ಕಾಲಿಗೆ ಕಂಬಳಿ ಹೊದಿಸಿ, ವಿಲ್ಫ್‌ನತ್ತ ತಿರುಗಿದಳು.

"ನೀನೂ ಇಟ್ಕೋತೀಯಾ?"

ವಿಲ್ಫ್ ಹೌದೆಂದು ತಲೆಯಾಡಿಸಿದ.

"ಕಾಲು ನೋಯ್ತಿದೆಯಾ? ನಿಜ ಹೇಳು."

"ನಿನ್ನೆಯಿಂದ ಸ್ವಲ್ಪ. ವಯಸ್ಸಾಯ್ತಲ್ಲ, ಅದಕ್ಕೇ ಅಂದ್ಕೊಂಡೆ."

ಮನೆಯಲ್ಲಿ ಕೇಳುವವರು ಯಾರೂ ಇಲ್ಲದ ಮನುಷ್ಯ. ಡೋರೀನ್ ಗೂಟದಿಂದ ಅವನ ಕೋಟು ತಂದು ತೊಡಿಸಿದಳು.

"ಆಂಬುಲೆನ್ಸಿಗೆ ನೀನೂ ಹತ್ತು" ಎಂದಳು. ಅಳು ತಡೆಯಲಾಗದೆ, ಮಗುವಿಗೆ ಹಾಕುವಂತೆ, ಅವನ ಗುಂಡಿಗಳನ್ನು ಕತ್ತಿನವರೆಗೂ ಹಾಕುತ್ತಾ ಹೋದಳು.