ನಾಟಿಯ ಸರಿಪಾಲು

ಎಂ.ಎ., ಬಿ.ಎಡ್. ಮುಗಿಸಿ ಮಸ್ಕಿಯ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಈ ವರ್ಷ ಸಿಂಧನೂರಿನಿಂದ ಇಂಗ್ಲಿಷ್ ಕಲಿಸಲು ಬಂದ ಹೊಸ ಹುಡುಗಿಗೆ ನನ್ನ ಎರಡರಷ್ಟು ಸಂಬಳ. ಕೇಳಿದ್ದಕ್ಕೆ ಹೆಡ್‌ಮಾಸ್ತರರು, ಇಂಗ್ಲಿಷಿನವರು ಸಿಗುವುದು ಕಷ್ಟ, ಕನ್ನಡದವರು ಬೇಕಾದಷ್ಟು ಸಿಗುತ್ತಾರೆ ಎಂದರು. ನನ್ನ ತಮ್ಮ ನಿಂಗರಾಜ ಹತ್ತನೇ ಕ್ಲಾಸು ಫೇಲು. ಲಿಂಗಸುಗೂರಿನಲ್ಲಿ ಜೆಸಿಬಿ ನಡೆಸುತ್ತಾನೆ. ವರ್ಷ ಕಳೆದಂತೆ ಅವನಿಗೆ ಬೆಲೆ ಏರುತ್ತದೆ, ನನಗೆ ವಯಸ್ಸಷ್ಟೇ. ‘ಅಕ್ಕಾ, ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ನನ್ನನ್ನು ಕಾಡಿಸುತ್ತಾನೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ ಏನೂ ಬರುವುದಿಲ್ಲ.

ನಮ್ಮ ಒಂಬತ್ತನೇ ಕ್ಲಾಸಿನ ಭಾಗ್ಯ ನೆಲ್ಲು ನಾಟಿ ಶುರುವಾದಾಗಿನಿಂದ ಶಾಲೆಗೆ ಬಂದಿರಲಿಲ್ಲ. ಬಳಗಾನೂರಿನ ಅವಳ ಮನೆಗೆ ಹೋದೆ. ಅವಳ ಅವ್ವ ಗಂಗಾದೇವಿ ಕೂಲಿ ಮಾಡಿ ಫೀಸು ಕಟ್ಟುವವಳು. ಓದಿದರೆ ಮಗಳಿಗೆ ಕೆಸರಿನಲ್ಲಿ ನಿಲ್ಲುವುದು ತಪ್ಪುತ್ತದೆ ಎಂದು ಉದ್ದಕ್ಕೆ ಉಪದೇಶ ಮಾಡಿದೆ. ಗಂಗಾದೇವಿ ಚಹಾ ಕೊಟ್ಟು, ಸೋಮವಾರದಿಂದ ಕಳಿಸುತ್ತೇನೆ ಎಂದಳು.

ನನ್ನ ಸಂಬಳ ಎರಡು ತಿಂಗಳಿಂದ ಬಂದಿರಲಿಲ್ಲ. ನಮ್ಮ ಓಣಿಯ ಆದೆಮ್ಮ ನಾಟಿಗೆ ಗುಂಪು ಕಟ್ಟಿಕೊಂಡು ಕಾಲುವೆ ಕಡೆಯ ಹಳ್ಳಿಗಳಿಗೆ ಹೋಗುತ್ತಾಳೆ. ಭಾನುವಾರ ನಾನೂ ಬರುತ್ತೇನೆ ಎಂದೆ. ಯಾವ ಊರು ಎಂದು ಕೇಳಲಿಲ್ಲ. ನಮ್ಮನ್ನು ತುಂಬಿಕೊಂಡ ಟಂಟಂ ಆಟೋ ಬಳಗಾನೂರಿನ ಗದ್ದೆಯ ಪಕ್ಕ ನಿಂತಾಗ ಟವೆಲನ್ನು ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡು ಇಳಿದೆ. ಆ ಊರಿನವರೂ ಕೆಲವರು ಗುಂಪಿಗೆ ಸೇರಿಕೊಂಡರು. ಬಿಸಿಲಿಗೆಂದು ಅವರ ಮುಖಕ್ಕೂ ಟವೆಲ್.

ಬಿಸಿಲು ಏರುವ ಹೊತ್ತಿಗೆ ನನ್ನ ಕೈ ಸೋತಿತ್ತು. ಪಕ್ಕದಲ್ಲಿದ್ದ ಹುಡುಗಿ ಮಾತಿಲ್ಲದೆ ನನ್ನ ಪಾಲಿನ ಜಾಗಕ್ಕೂ ಸಸಿ ಊರುತ್ತಾ ಬಂದಳು. ಬುತ್ತಿ ಬಿಚ್ಚುವಾಗ ಎಲ್ಲರೂ ಟವೆಲ್ ತೆಗೆದರು, ನಾನೂ ತೆಗೆಯಲೇಬೇಕಾಯಿತು. ಆ ಹುಡುಗಿ ಭಾಗ್ಯ. ಅವಳ ಪಕ್ಕ ಗಂಗಾದೇವಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಯಾರಾದರೂ ಆಡಿಕೊಂಡಿದ್ದರೆ ಹಗುರಾಗುತ್ತಿತ್ತು. ಯಾರೂ ಆಡಿಕೊಳ್ಳಲಿಲ್ಲ. ಗಂಗಾದೇವಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ನನ್ನ ಕೈಗಿಟ್ಟಳು.

ನಾಟಿ ಎಂದರೆ ಎಕರೆಗಿಷ್ಟು ಎಂದು ಗುತ್ತಿಗೆ. ಬಂದದ್ದನ್ನು ಬದುವಿನ ಮೇಲೆ ಕೂತು ಸರಿಪಾಲು ಮಾಡುತ್ತಾರೆ. ಹೊಸಬಳು, ಹಳಬಳು, ಹುಡುಗಿ, ಮುದುಕಿ ಎಂಬ ಭೇದವಿಲ್ಲ. ನನಗೆ ಕಡಿಮೆ ಕೊಡು ಎಂದು ಆದೆಮ್ಮನಿಗೆ ಹೇಳಿದೆ. ಗುಂಪಿನಲ್ಲಿ ಹಾಗೆಲ್ಲ ನಡೆಯುವುದಿಲ್ಲ ಅಂಬಿಕಾ ಎಂದು ಗದರಿ, ಎಲ್ಲರಷ್ಟೇ ಕೊಟ್ಟಳು. ಶಾಲೆಯಲ್ಲಿ ಎರಡು ದಿನ ಗಂಟಲು ಹರಿದುಕೊಂಡರೆ ಬರುವಷ್ಟು ಅದು. ಭಾಗ್ಯ ತನ್ನ ಕೈಯಲ್ಲಿದ್ದ ದುಡ್ಡು ನೋಡಿಕೊಂಡಳು, ಆಮೇಲೆ ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು.

ಗಂಗಾದೇವಿ ಹತ್ತಿರ ಬಂದಳು.

“ಟೀಚರ್, ನಾಳಿ ಇಕೀನ ಸಾಲಿಗೆ ಕಳಸಬೇಕಂತ ಮಾಡಿದ್ದೆ ರೀ. ಈಗ ನೀವಽ ಹೇಳ್ರಿ. ಕಳಸ್ಲೇನು, ಬ್ಯಾಡಾ?”

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಎಲ್ಲರ ಹಣೆಬರಹವೂ ನನ್ನದರ ಹಾಗೆ ಇರುವುದಿಲ್ಲ ಎನ್ನಬಹುದಿತ್ತು. ನರ್ಸಿಂಗ್ ಓದಿಸು, ಮಗಳು ಚುರುಕಾಗಿದ್ದಾಳೆ ಎನ್ನಬಹುದಿತ್ತು. ಭಾಗ್ಯ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ನಿಮ್ಮ ಇಚ್ಛಾ ರೀ,” ಎಂದೆ.

ಗಂಗಾದೇವಿ ತಲೆಯಾಡಿಸಿ ಮಗಳನ್ನು ಕರೆದುಕೊಂಡು ಹೋದಳು. ನಾನು ಟಂಟಂ ಹತ್ತಿದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸೊಂಟ ನೋಯುತ್ತಿತ್ತು, ಅಷ್ಟೇ.

ಸೋಮವಾರ ಮೊದಲ ಪೀರಿಯಡ್ ನನ್ನದೇ. ಕ್ಲಾಸಿಗೆ ಹೋಗಿ ಯಾರ ಮುಖವನ್ನೂ ನೋಡದೆ ಹಾಜರಿ ಕರೆಯತೊಡಗಿದೆ. ಭಾಗ್ಯಳ ಹೆಸರು ಬಂತು. ಕರೆದು ಏನು ಪ್ರಯೋಜನ ಎಂದು ಗೈರು ಹಾಕಿ ಮುಂದಿನ ಹೆಸರಿಗೆ ಹೋದೆ.

ಹಿಂದಿನ ಬೆಂಚಿನಲ್ಲಿ ಯಾರೋ ಎದ್ದು ನಿಂತ ಸದ್ದಾಯಿತು.

“ಟೀಚರ್, ನನ್ನ ಹೆಸರು ಬಿಟ್ರಿ,” ಎಂದಳು ಭಾಗ್ಯ. “ನಾ ಬಂದೀನ್ರಿ.”